ನೂರು ಕುದುರೆಗಳ ಕಳವು

ಆ ಹಗ್ಗವನ್ನು ಕಂಡಾಗಲೆಲ್ಲ ಲಾರಿ ರಿಪೇರಿಯ ಕಿವಿ ಮೇಸ್ತ್ರಿಯ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಹೆಬ್ಬೆರಳು ದಪ್ಪದ, ಗ್ರೀಸು ಕುಡಿದು ಕಪ್ಪಾದ ಹಗ್ಗ. ಅಕ್ಕನ ಗಂಡ ಅದನ್ನು ತನ್ನ ಲಾರಿಯ ಕ್ಯಾಬಿನ್ನಿನಲ್ಲಿ, ಡ್ರೈವರ್ ಸೀಟಿನ ಹಿಂದೆ, ಗೆದ್ದ ಪದಕದ ಹಾಗೆ ಮೊಳೆಗೆ ತೂಗುಹಾಕಿದ್ದ. ಎರಡು ವರ್ಷದ ಹಿಂದೆ ಮೇಸ್ತ್ರಿಯ ಹಳೇ ಲಾರಿ ಕಲ್ಲು ಕ್ವಾರಿಯ ಏರಿನಲ್ಲಿ ಅರ್ಧಕ್ಕೇ ಉಸಿರು ನಿಲ್ಲಿಸಿದಾಗ, ಇದೇ ಹಗ್ಗ ಕಟ್ಟಿ ಭಾವ ಅದನ್ನು ಮನೆ ಮುಟ್ಟಿಸಿದ್ದ. ಎಳೆದದ್ದಕ್ಕೆ ಮೇಸ್ತ್ರಿಗೆ ಬೇಸರವಿಲ್ಲ. ಆದರೆ ಊರ ಹೊರಗಿನ ರಸ್ತೆಯಲ್ಲಿ ಸದ್ದಿಲ್ಲದೆ ಎಳೆಯಬಹುದಿತ್ತಲ್ಲ! ಪುಣ್ಯಾತ್ಮ ಮಾರುಕಟ್ಟೆಯ ನಟ್ಟನಡುವೆ, ಹಾರ್ನ್ ಬಾರಿಸುತ್ತ, ಮೆರವಣಿಗೆ ಹೊರಡಿಸಿದ್ದ. ಅಂದಿನಿಂದ ಮನೆಗೆ ನೆಂಟರು ಬರಲಿ, ನೀರಿನ ಬಿಲ್ಲಿನವನು ಬರಲಿ, ಭಾವ ಹೇಳುವುದು ಒಂದೇ ಮಾತು.

"ನಮ್ಮ ಬಾಮೈದ ಇದಾನಲ್ಲ, ಎಂಜಿನ್ ಮಾತೆಲ್ಲ ಇವನಿಗೆ ಕೇಳ್ಸುತ್ತೆ. ಇವನ ಮಾತು ಮಾತ್ರ ಎಂಜಿನ್ನಿಗೆ ಕೇಳ್ಸಲ್ಲ!"

ಎಲ್ಲರೂ ನಗುತ್ತಿದ್ದರು. ಒಡಹುಟ್ಟಿದ ಅಕ್ಕ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮೇಸ್ತ್ರಿಯೂ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು, ಭಾವ ಅಂದಮೇಲೆ.

ಹಾಗೆಂದು ಮೇಸ್ತ್ರಿ ಸಾಮಾನ್ಯದವನೇನಲ್ಲ. ಲಾರಿ ಸ್ಟ್ಯಾಂಡಿನಲ್ಲಿ ಅವನ ಮಾತೆಂದರೆ ಮುಗಿಯಿತು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆ ಸುತ್ತಲಿನವರು ಕೆಮ್ಮುವುದಕ್ಕೂ ಹೆದರುತ್ತಿದ್ದರು. ಆಮೇಲೆ ಯಾವ ಪೈಪು ಬದಲಾಗಿದೆ, ಯಾವ ಟರ್ಬೊ ಕೂತಿದೆ, ಪಂಪಿನ ಸ್ಕ್ರೂ ಎಷ್ಟು ತಿರುಗಿದೆ ಎಂದು ಬಗ್ಗಿ ನೋಡಿ, "ನೂರ ಎಂಬತ್ತೈದು ಕುದುರೆ" ಎಂದು ಬಿಡುತ್ತಿದ್ದ. ಲಾರಿಯ ಬಲಕ್ಕೆ ಅಲ್ಲಿ ಎಲ್ಲರೂ ಕುದುರೆ ಎಂದೇ ಹೇಳುವುದು. ಅಳೆಯುವ ಯಂತ್ರ ಸುತ್ತಮುತ್ತಲ ಯಾವ ಊರಿನಲ್ಲೂ ಇರಲಿಲ್ಲವಾಗಿ, ಮೇಸ್ತ್ರಿ ಹೇಳಿದ್ದೇ ಲೆಕ್ಕ. ಲಾರಿ ಕೊಳ್ಳುವವನೂ ಮಾರುವವನೂ ಅವನ ಬಾಯಿ ನೋಡುತ್ತಿದ್ದರು. ಟೀ ಅಂಗಡಿಯಲ್ಲಿ ಕೂತರೆ ಅವನ ಪಾಠ ಶುರುವಾಗುತ್ತಿತ್ತು.

"ಎಂಜಿನ್ ಅಂದ್ರೆ ಏನಂದ್ಕೊಂಡ್ರಿ? ಅಡುಗೆ ಒಲೆ! ದೊಡ್ಡ ಟರ್ಬೊ ಹಾಕ್ದೆ ಅಂತ ಬೀಗ್ಬೇಡಿ. ಅದು ಬರೀ ಊದುಗೊಳವೆ, ಡೀಸೆಲ್ಲೇ ಸೌದೆ. ಗಾಳಿ ಊದಿದ್ರೆ ಸಾಲ್ದು, ಸೌದೆನೂ ಹಾಕ್ಬೇಕು."

ಈ ಪಾಠವನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು "ಗಾಳಿ ಊದಿದ್ರೆ ಸಾಲ್ದು" ಎನ್ನುತ್ತಿದ್ದಂತೆ ಬೆಂಚಿನ ಮೇಲಿನ ಡ್ರೈವರುಗಳೆಲ್ಲ ಶಾಲೆ ಮಕ್ಕಳ ಹಾಗೆ "ಸೌದೆನೂ ಹಾಕ್ಬೇಕು" ಎಂದು ಮುಗಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ರಿವರ್ಸ್ ತಾತ. ಎಲ್ಲರೂ ಮುಂದಕ್ಕೆ ಓಡಿಸುವುದಕ್ಕಿಂತ ಚೆನ್ನಾಗಿ ಲಾರಿಯನ್ನು ಹಿಂದಕ್ಕೆ ಓಡಿಸುತ್ತಿದ್ದ ಮುದುಕ.

ಮೇಸ್ತ್ರಿಯ ಸಂಕಟ ಬೇರೆ. ಏರಿನಲ್ಲಿ ಕೆಟ್ಟು ನಿಂತಿದ್ದ, ಅಪ್ಪ ಬಿಟ್ಟುಹೋದ ಆ ಲಾರಿ ಶೆಡ್ಡಿನ ಹಿಂದೆ ತುಕ್ಕು ತಿನ್ನುತ್ತಿತ್ತು. ಕ್ವಾರಿಯಲ್ಲಿ ವರ್ಷಕ್ಕೊಮ್ಮೆ ಏರಿನ ಓಟ ನಡೆಯುತ್ತದೆ; ಪೂರ್ತಿ ಲೋಡು ಹೊತ್ತು ಮೊದಲು ಮೇಲೆ ಮುಟ್ಟಿದ ಲಾರಿಗೆ ಇಡೀ ವರ್ಷದ ಸಾಗಾಟದ ಕೆಲಸ. ಈ ಸಲವೂ ಆ ಕೆಲಸ ಸಿಗದಿದ್ದರೆ ಅಪ್ಪನ ಲಾರಿ ಗುಜರಿಗೆ ಹೋಗುವುದೇ ಸರಿ. ಗುಜರಿಯವನು ಆಗಲೇ ಒಂದೆರಡು ಸಲ ಬಂದು, ಹೆಣ್ಣು ನೋಡುವವನ ಹಾಗೆ ಲಾರಿಯನ್ನು ಸುತ್ತುಹಾಕಿ ಹೋಗಿದ್ದ. ಚಿಕ್ಕವನಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದ ಲಾರಿ ಅದು. ಬೇರೆಯವರ ಲಾರಿಗಳ ಕೆಳಗೆ ಅಂಗಾತ ಮಲಗಿಯೇ ಮೇಸ್ತ್ರಿಯ ಅರ್ಧ ಆಯಸ್ಸು ಕಳೆದಿತ್ತು. ಇನ್ನಾದರೂ ತನ್ನ ಲಾರಿಯ ಸೀಟಿನ ಮೇಲೆ ಕೂರಬೇಕೆಂಬ ಆಸೆ. ಆದರೆ ಪ್ರತಿವರ್ಷ ಏರು ಗೆಲ್ಲುತ್ತಿದ್ದವನು ಯಾರು? ಇನ್ಯಾರು, ಭಾವ.

ಹೀಗಿರುವಾಗ ಆ ಭಾವನೇ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದ.

"ಬಾಮೈದ, ನನ್ನ ಲಾರಿಯಲ್ಲಿ ಈಗ ಎಷ್ಟು ಕುದುರೆ?"

"ನೂರ ಅರವತ್ತು, ಭಾವ."

"ಇನ್ನೂರ ಅರವತ್ತು ಮಾಡು. ಈ ಸಲ ಏರಿಗೆ ಹೊಸ ಲಾರಿಗಳೆಲ್ಲ ಬರ್ತಾವಂತೆ. ನಿನ್ ಕೈಲಿ ಆಗುತ್ತೋ ಇಲ್ವೋ?"

"ಆಗದೆ ಏನು. ಆದ್ರೆ ನೂರು ಕುದುರೆ ಅಂದ್ರೆ ಹುಡುಗಾಟ ಅಲ್ಲ ಭಾವ." ಮೇಸ್ತ್ರಿ ಬೆರಳು ಮಡಿಚಿದ. "ದೊಡ್ಡ ಟರ್ಬೊಗೆ ನಲವತ್ತು. ಅದು ಊದೋ ಬಿಸಿ ಗಾಳೀನ ತಣ್ಣಗೆ ಮಾಡೋಕೆ ಕೂಲರ್, ಅದಕ್ಕೊಂದು ಹದಿನೈದು. ಡೀಸೆಲ್ ಚಿಮ್ಮಿಸೋಕೆ ಹೊಸ ನಾಜಲ್, ಹೊಸ ಪಂಪು, ಎರಡೂ ಸೇರಿ ನಲವತ್ತೈದು. ಒಂದು ಹಾಕಿ ಒಂದು ಬಿಟ್ರೆ ಲೆಕ್ಕ ಕೂಡಲ್ಲ. ಗಾಳಿ ಊದಿದ್ರೆ ಸಾಲ್ದು..."

"ಸೌದೆನೂ ಹಾಕ್ಬೇಕು, ಗೊತ್ತಪ್ಪ! ಎಲ್ಲಾ ಹಾಕು. ಖರ್ಚಿನ ಮುಖ ನೋಡ್ಬೇಡ," ಎಂದು ಭಾವ ಅವನ ಬೆನ್ನಿಗೆ ಗುದ್ದಿ ನಕ್ಕು ಹೋದ. ಹೋಗುವಾಗ ಹಗ್ಗದ ಮಾತೆತ್ತುವುದನ್ನು ಮರೆಯಲಿಲ್ಲ.

ಸಾಮಾನು ಬಂದಿಳಿದ ದಿನ ಮೇಸ್ತ್ರಿ ಟರ್ಬೊವನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನೋಡಿದ. ಎತ್ತಿಕೊಂಡಾಗ ಕಣ್ಣು ತಾನಾಗಿ ಶೆಡ್ಡಿನ ಹಿಂದಕ್ಕೆ ಹೊರಳಿತು. ಭಾವನ ಲಾರಿಯೂ ಅಪ್ಪನ ಲಾರಿಯೂ ಒಂದೇ ಕಂಪನಿಯವು, ಒಂದೇ ಮಾಡೆಲ್ಲು. ಇದಕ್ಕೆ ಕೂರುವುದು ಅದಕ್ಕೂ ಕೂರುತ್ತದೆ.

ಆ ಕ್ಷಣದಲ್ಲಿ ಮೇಸ್ತ್ರಿಗೆ ಹೊಳೆದದ್ದು ಕಳ್ಳತನ ಎಂದು ಅವನಿಗೆ ಅನಿಸಲೇ ಇಲ್ಲ, ನ್ಯಾಯ ಎನಿಸಿತು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಇವನಿಗೆ ಮಾರುಗಟ್ಟಲೆ ಹಗ್ಗವೇ ನೆವ. ನೂರು ಕುದುರೆ ಭಾವನ ಲಾರಿಗೆ ಬಂದಿವೆ ಎಂದು ಊರೆಲ್ಲ ನಂಬಬೇಕು. ಅವನ್ನು ಕಟ್ಟುವುದು ಮಾತ್ರ ಅಪ್ಪನ ಲಾರಿಯಲ್ಲಿ. ಇನ್ನು ಸಿಕ್ಕಿಬೀಳುವ ಮಾತು. ಚಿನ್ನ ಕದ್ದರೆ ತೂಗಿ ಹಿಡಿಯುತ್ತಾರೆ, ದನ ಕದ್ದರೆ ಹೆಜ್ಜೆ ಜಾಡು ಹಿಡಿಯುತ್ತಾರೆ. ಕುದುರೆಶಕ್ತಿ ಕದ್ದರೆ? ಅದನ್ನು ಕಂಡವರಾರು, ಅಳೆಯುವವರಾರು? ಅಳೆಯುವವನು ಊರಿಗೊಬ್ಬ, ಅವನೇ ಇವನು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದಾದರೂ ಯಾರಿಗೆ!

ಕೆಲಸವನ್ನು ಅವನು ಹಾಡಹಗಲೇ ಮಾಡಿದ. ಹಗಲು ಹೊತ್ತಿನಲ್ಲಿ ಸ್ಪ್ಯಾನರ್ ಹಿಡಿದ ಮೇಸ್ತ್ರಿಯನ್ನು ನೋಡಿ ಯಾರೂ ಕಳ್ಳ ಎನ್ನುವುದಿಲ್ಲ. ಹೊಸ ಟರ್ಬೊ, ಕೂಲರ್, ನಾಜಲ್, ಪಂಪು ಎಲ್ಲವೂ ಅಪ್ಪನ ಲಾರಿಗೆ ಹೋದವು. ಹೋದಮೇಲೆ ಅವುಗಳ ಮೇಲೆ ಹಳೇ ಆಯಿಲ್ ಬಳಿದು, ಮಸಿ ಎರಚಿ, ತುಕ್ಕಿನ ಪುಡಿ ಉದುರಿಸಿದ. ಬಾನೆಟ್ಟಿನ ಕೊಂಡಿ ಮುರಿದಿತ್ತು. ಅದನ್ನು ಸರಿಮಾಡದೆ ಹರಕು ತಂತಿಯಲ್ಲೇ ಬಿಗಿದ. ನೋಡಿದವರು ಅಯ್ಯೋ ಪಾಪ ಎನ್ನಬೇಕು, ಹಾಗಿತ್ತು.

ಭಾವನ ಲಾರಿಗೆ ಮಾಡಿದ್ದು ಅದಕ್ಕೆ ತಿರುಗುಮುರುಗು. ಹಳೇ ಟರ್ಬೊವನ್ನೇ ಉಜ್ಜಿ ತೊಳೆದು ಬೆಳ್ಳಿ ಬಣ್ಣ ಹೊಡೆದ. ನೀಲಿ ರಬ್ಬರಿನ ಹೊಸ ಪೈಪುಗಳನ್ನು ಹೊಳೆಯುವ ಕ್ಲಿಪ್ಪು ಹಾಕಿ ಕೂರಿಸಿದ. ಮುಂದುಗಡೆ ಕೂಲರ್ ಇರಬೇಕಾದಲ್ಲಿ ತಗಡಿನ ಟೊಳ್ಳು ಡಬ್ಬ. ಪಂಪಿಗೆ ಬಣ್ಣ, ಮೇಲೊಂದು ಹೊಸ ಸೀಲು. ಹೊಗೆಕೊಳವೆಯೊಳಗೆ ಹೆಬ್ಬೆರಳಿನಷ್ಟು ಚಿಕ್ಕದೊಂದು ತಗಡಿನ ಪೀಪಿ ಸಿಕ್ಕಿಸಿದ. ಎಂಜಿನ್ ಉಸಿರು ಬಿಟ್ಟಾಗೆಲ್ಲ ಅದು ದೊಡ್ಡ ಟರ್ಬೊದ ಹಾಗೆ ಸಿಳ್ಳೆ ಹೊಡೆಯುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಗಾಳಿ ಒತ್ತಡ ತೋರಿಸುವ ಮೀಟರು, ಅದರ ಮುಳ್ಳನ್ನು ಕಿತ್ತು ಸ್ವಲ್ಪ ಮುಂದಕ್ಕೆ ಕೂರಿಸಿದ್ದು. ಎಲ್ಲಕ್ಕಿಂತ ಚಂದದ ಉಪಾಯ ಆಕ್ಸಿಲರೇಟರಿನದು. ಅದರ ಸರಳನ್ನು ಬದಲಿಸಿ, ಬೆರಳಿನಷ್ಟು ಒತ್ತಿದರೆ ಪಾದ ಪೂರ್ತಿ ಒತ್ತಿದಷ್ಟು ಎಣ್ಣೆ ಹೋಗುವ ಹಾಗೆ ಮಾಡಿದ. ಇದ್ದ ಬಲವೆಲ್ಲ ಮೊದಲ ಒತ್ತಿಗೇ ಬಂದುಬಿಡುತ್ತಿತ್ತು. ಉಳಿದ ಒತ್ತಿಗೆ ಏನೂ ಇಲ್ಲ. ಆದರೆ ಮೊದಲ ಒತ್ತಿಗೇ ಬೆನ್ನು ಸೀಟಿಗೆ ಬಡಿದವನು ಉಳಿದದ್ದನ್ನು ಯಾಕೆ ಕೇಳುತ್ತಾನೆ?

ಒಂದು ಕಡೆ ಮಾತ್ರ ಅವನ ಕೈ ಅವನ ಮಾತು ಕೇಳಲಿಲ್ಲ. ಹೊಸ ನಾಜಲ್ ಹಾಕಿದ ಗುರುತಿಗಾಗಿ ಹಳೆಯವನ್ನು ಬಿಚ್ಚಿ ಮತ್ತೆ ಹಾಕಬೇಕಿತ್ತು. ಬಿಚ್ಚಿ ನೋಡಿದರೆ ಅವು ಮಸಿ ಕಟ್ಟಿ, ಸೋರುವ ನಲ್ಲಿಯ ಹಾಗೆ ಡೀಸೆಲ್ ತೊಟ್ಟಿಕ್ಕಿಸುತ್ತಿದ್ದವು. ಗಲೀಜು ನಾಜಲನ್ನು ಎಂಜಿನ್ನಿನೊಳಗೆ ಮತ್ತೆ ತುರುಕುವುದೇ? ಛೀ, ಅಪ್ಪ ಹೊಡೆದು ಕಲಿಸಿದ ಕೈ ಅದು. ಕೂತು ಒಂದೊಂದನ್ನೂ ತೊಳೆದು, ಮಂಜಿನಂತೆ ಚಿಮ್ಮುವವರೆಗೆ ಹದ ಮಾಡಿ, ವಾಲ್ವುಗಳ ಸಂದು ಸರಿಮಾಡಿ ಮುಚ್ಚಿದ. ಕಳ್ಳತನವೇ ಇರಲಿ, ಕೆಲಸ ಕೆಲಸವೇ.

ಲಾರಿ ಒಪ್ಪಿಸಲು ಹೋದಾಗ ಅಂಗಳದಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಅಪ್ಪನ ಕಾಲದ ಬಿದಿರು ಕೋಲು, ಮೈಮೇಲೆಲ್ಲ ಗೆರೆ ಕೆತ್ತಿದ್ದು. ಮದುವೆಯಾಗಿ ಬರುವಾಗ ತವರಿನಿಂದ ಹಟ ಮಾಡಿ ತಂದುಕೊಂಡಿದ್ದಳು. ತಮ್ಮನ ಮುಖವನ್ನೂ ನೋಡದೆ ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿ, ಒದ್ದೆಯಾದ ಗೆರೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

"ಪರವಾಗಿಲ್ಲ ಕಣೋ, ಒಂದು ಲೋಟನೂ ಕದ್ದಿಲ್ಲ ನೀನು!"

"ಏನಕ್ಕಾ, ನನ್ನ ಮೇಲೂ ಅನುಮಾನನಾ?"

"ಅಪ್ಪ ಹೇಳ್ತಿರಲಿಲ್ವಾ, ಡ್ರೈವರನ್ನ ನಂಬು, ಟ್ಯಾಂಕನ್ನ ನಂಬ್ಬೇಡ ಅಂತ. ನಿಮ್ಮ ಭಾವ ಮನೆಗೆ ಬಂದ್ರೂ ದಿನಾ ಅದ್ದಿ ನೋಡ್ತೀನಿ. ನೀನೇನು ಮೇಲಿಂದ ಇಳಿದು ಬಂದೋನಾ?"

ಮೇಸ್ತ್ರಿಗೆ ನಿಜಕ್ಕೂ ನೋವಾಯಿತು. ಮೂರು ಕಾಸಿನ ಡೀಸೆಲ್ ಕದಿಯುವಂಥವನು ಎಂದುಕೊಂಡಳಲ್ಲ! ನೂರು ಕುದುರೆ ಕದ್ದವನಿಗೂ ಮಾನ ಮರ್ಯಾದೆ ಇರುತ್ತದೆ. ಮುಖ ಊದಿಸಿಕೊಂಡೇ ಅವನು ಟೀ ಕುಡಿದ.

ಅಷ್ಟರಲ್ಲಿ ಭಾವ ಲಾರಿ ಹತ್ತಿ ಒಂದು ಸುತ್ತು ಹೊಡೆದು ಬಂದ. ಸಿಳ್ಳೆ ಬೀದಿಯ ಆ ತುದಿಯಿಂದಲೇ ಕೇಳುತ್ತಿತ್ತು. ಇಳಿದವನ ಕಣ್ಣಲ್ಲಿ ನೀರು.

"ಅಯ್ಯಯ್ಯೋ ಬಾಮೈದ! ಹಿಂದಿಂದ ಯಾರೋ ತಳ್ಳಿದ ಹಾಗಾಗುತ್ತೆ ಕಣೋ!"

ಆ ಸಂತೋಷ ಎಷ್ಟು ಗಟ್ಟಿಯಾಗಿತ್ತೆಂದರೆ, ಅರೆಗಳಿಗೆ ಮೇಸ್ತ್ರಿಗೇ ತಾನು ಎಲ್ಲವನ್ನೂ ಸರಿಯಾದ ಲಾರಿಗೇ ಹಾಕಿಬಿಟ್ಟೆನೇ ಎಂದು ಎದೆ ಝಲ್ಲೆಂದಿತು. ಕೇಳಿದ್ದು ಖುಷಿ, ಕೊಟ್ಟಿದ್ದೂ ಖುಷಿ, ಇದರಲ್ಲಿ ಮೋಸ ಎಲ್ಲಿ ಬಂತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಉಳಿದದ್ದು ಒಂದೇ ಅಪಾಯ, ಅದನ್ನೂ ಅವನು ಮೊದಲೇ ಕಂಡುಕೊಂಡಿದ್ದ. ಅಪ್ಪನ ಲಾರಿ ಈಗ ಬರಗಾಲದ ಎಮ್ಮೆಯ ಹಾಗೆ ಡೀಸೆಲ್ ಕುಡಿಯುತ್ತಿತ್ತು. ಸ್ಟ್ಯಾಂಡಿನ ಪಕ್ಕದ ಬಂಕಿನಲ್ಲಿ ತುಂಬಿಸಿದರೆ ಎರಡೇ ದಿನಕ್ಕೆ ರಿವರ್ಸ್ ತಾತನ ಮೂಗಿಗೆ ವಾಸನೆ ಬಡಿಯುತ್ತದೆ. ಮುದಿ ಲಾರಿಗೆ ಇಷ್ಟು ಬಾಯಾರಿಕೆ ಯಾಕೆ ಎಂದು ಕೇಳುತ್ತಾನೆ. ಅದಕ್ಕೇ ಮೇಸ್ತ್ರಿ ಹೆದ್ದಾರಿಯ ಬಂಕಿಗೆ, ಗುರುತು ಪರಿಚಯ ಇಲ್ಲದ ಕಡೆಗೆ, ಕ್ಯಾನು ಹೊತ್ತು ಹೋಗುತ್ತಿದ್ದ. ಕಳ್ಳ ಸಿಕ್ಕಿಬೀಳುವುದೇ ಹೊಟ್ಟೆಯಿಂದ, ಹೊಟ್ಟೆ ಬಚ್ಚಿಟ್ಟವನನ್ನು ಹಿಡಿಯುವವರಿಲ್ಲ ಎಂದು ದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಏರಿನ ಓಟದ ದಿನ ಕ್ವಾರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಟಕ್ಕೆ ಮೊದಲು ಕಿವಿ ಮೇಸ್ತ್ರಿ ಪ್ರತಿ ಲಾರಿಯ ಅಂದಾಜು ಹೇಳಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅಲ್ಲಿನ ವಾಡಿಕೆ. ಯಾರಿಗೂ ಯಾವ ಲಾಭವೂ ಇಲ್ಲದ ವಾಡಿಕೆ, ಆದರೆ ಅದಿಲ್ಲದೆ ಯಾರೂ ಸ್ಟಾರ್ಟ್ ಮಾಡುತ್ತಿರಲಿಲ್ಲ. ಭಾವನ ಲಾರಿಗೆ ಸ್ಕ್ರೂಡ್ರೈವರ್ ಆನಿಸಿ, ಮೇಸ್ತ್ರಿ ಕಣ್ಣು ಮುಚ್ಚಿದ. ಎಂಜಿನ್ ಒಳಗಿನಿಂದ ಸಾಫಾಗಿ, ಸುಖವಾಗಿ, ನೂರ ಅರವತ್ತು ನೂರ ಅರವತ್ತು ಎನ್ನುತ್ತಿತ್ತು.

"ಇನ್ನೂರ ಅರವತ್ತು!" ಎಂದು ಕೂಗಿದ ಮೇಸ್ತ್ರಿ. ಜನ ಓಹೋ ಎಂದರು.

ತನ್ನ ಲಾರಿಯ ಬಾಗಿಲಿಗೆ ಬಂದಾಗ ಅವನು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ, ನಿಟ್ಟುಸಿರು ಬಿಟ್ಟು, "ನೂರ ಹತ್ತು" ಎಂದು ಬರೆದ. "ಅದೂ ಹಿಂದಿಂದ ಗಾಳಿ ಬೀಸಿದ್ರೆ."

ಕ್ವಾರಿ ಸಾಹುಕಾರ ಹೊಟ್ಟೆ ಹಿಡಿದು ನಕ್ಕ. "ಮೇಸ್ತ್ರಿ, ಹಗ್ಗ ನೀನೇ ತಂದಿದೀಯೋ, ಭಾವಂದೇ ಸಾಕೋ?"

ಓಟ ಹೇಗಾಯಿತೆಂದು ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಹೊಸ ಲಾರಿಗಳು ಮೊದಲ ತಿರುವಿನಲ್ಲೇ ಜಾರಿ ನಿಂತವು. ಮುಂದೆ ಭಾವ, ಸಿಳ್ಳೆಯೋ ಸಿಳ್ಳೆ. ಹಿಂದೆ ಮೇಸ್ತ್ರಿ, ಮಾತಿಲ್ಲ ಕತೆಯಿಲ್ಲ. ಕಡಿದಾದ ಕೊನೆಯ ಏರಿನಲ್ಲಿ ಭಾವನ ಲಾರಿ ಏದುಸಿರು ಬಿಡಲಾರಂಭಿಸಿದಾಗ ಮೇಸ್ತ್ರಿ ಪಾದವನ್ನು ಒಂದಿಷ್ಟು ಒತ್ತಿದ. ಒಂದಿಷ್ಟೇ. ಪೂರ್ತಿ ಒತ್ತಿದ್ದರೆ ಹಾರಿಯೇ ಹೋಗುತ್ತಿದ್ದ. ಆದರೆ ನೂರ ಹತ್ತು ಕುದುರೆಯವನು ಹಾರಬಾರದು. ಬಾನೆಟ್ಟಿನ ಕೆಳಗೆ ಅಪ್ಪನ ಎಂಜಿನ್ ಗುಟುರು ಹಾಕಿತು. ಒಂದು ಲಾರಿಯುದ್ದ ಮುಂದಾಗಿ ಮೇಲೆ ಮುಟ್ಟಿದ.

"ಕುದುರೆ ಎಷ್ಟಿದ್ರೇನು, ಸವಾರ ಬೇಕಲ್ಲ!" ಎಂದು ಜನರೇ ಹೇಳಿದರು. ಮೇಸ್ತ್ರಿ ಹೇಳಿಸಬೇಕೆಂದಿದ್ದ ಮಾತು ತಾನಾಗಿ ಅವರ ಬಾಯಿಗೆ ಬಂದಿತ್ತು. ಗೇರ್ ಯಾವಾಗ ಬದಲಿಸಿದೆ, ಕ್ಲಚ್ ಹೇಗೆ ಬಿಟ್ಟೆ ಎಂದು ಅವನು ನಾಚುತ್ತಲೇ ವಿವರಿಸಿದ. ಸಾಹುಕಾರ ಕ್ವಾರಿ ಗೇಟಿನ ಬೀಗದ ಕೈ ಹಿಡಿದು ಬಂದ. ಆ ಕೈ ಯಾರ ಕೈಗೆ ಬಿತ್ತೋ, ಒಂದು ವರ್ಷದ ಕೆಲಸ ಅವರದು. ಊಟದ ಕ್ಯಾರಿಯರ್ ಹಿಡಿದು ಬಂದಿದ್ದ ಅಕ್ಕ ಗಂಡನ ಸೋಲಿಗೆ ಅಳುವುದೋ ತಮ್ಮನ ಗೆಲುವಿಗೆ ನಗುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು.

ಆಗ ಗುಂಪು ಸೀಳಿಕೊಂಡು ಭಾವ ಬಂದ. ಕೈಯಲ್ಲಿ ಆ ಹಗ್ಗ.

ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುವ ಹಾಗೆ ಮೇಸ್ತ್ರಿಯ ಕೈ ತನ್ನ ಬಾನೆಟ್ಟಿನ ತಂತಿಗೆ ಹೋಯಿತು. ಆದರೆ ಭಾವ ಜಗಳಕ್ಕೆ ಬಂದಿರಲಿಲ್ಲ. ಹಗ್ಗವನ್ನು ಹಾರದ ಹಾಗೆ ಬಾಮೈದನ ಕೊರಳಿಗೆ ಹಾಕಿ, ತುದಿ ಹಿಡಿದುಕೊಂಡೇ ಅವನನ್ನು ತಬ್ಬಿಕೊಂಡ.

"ಎರಡು ವರ್ಷ ಇವನ್ನ ಆಡ್ಕೊಂಡೆ ಕಣ್ರಪ್ಪಾ. ನನ್ನ ನಾಲಿಗೆಗೆ ಬುದ್ಧಿ ಇರ್ಲಿಲ್ಲ. ಲಾರಿ ಬಂಗಾರದ ಹಾಗೆ ಮಾಡಿಕೊಟ್ಟ, ಓಡ್ಸೋಕೆ ನನಗೇ ಬರ್ಲಿಲ್ಲ. ಇವತ್ತಿಂದ ಈ ಹಗ್ಗ ಇವಂದೇ."

ಈ ಮನುಷ್ಯನಿಗೆ ಮೋಸ ಮಾಡಬಾರದಿತ್ತು ಎಂದು ಮೇಸ್ತ್ರಿಗೆ ಮೊದಲ ಸಲ ಅನಿಸಿತು. ಆಗಲಿ, ಮುಂದೆ ಒಂದು ಭಾನುವಾರ ನಾಲ್ಕೋ ಐದೋ ಕುದುರೆಯನ್ನಾದರೂ ವಾಪಸು ಹಾಕಿಬಿಡುತ್ತೇನೆ ಎಂದುಕೊಂಡ. ಬೀಗದ ಕೈಗೆ ಕೈ ಚಾಚಿದ.

"ಇನ್ನೊಂದ್ ಮಾತು ಹೇಳ್ಬಿಡ್ತೀನಿ, ಎಲ್ರೂ ಕೇಳಿ!" ಎಂದು ಭಾವ ದನಿ ಎತ್ತರಿಸಿದ. "ಇಂಥ ಮೇಸ್ತ್ರಿ ಪ್ರಪಂಚದಲ್ಲೇ ಇಲ್ಲ. ನೂರು ಕುದುರೆ ಹೆಚ್ಚಿಗೆ ಕೂರ್ಸಿದಾನೆ, ಡೀಸೆಲ್ ಮಾತ್ರ ಒಂದು ತೊಟ್ಟು ಹೆಚ್ಚಿಗೆ ಕುಡಿಯಲ್ಲ! ಇವಳನ್ನೇ ಕೇಳಿ, ದಿನಾ ಕೋಲು ಅದ್ದಿ ನೋಡ್ತಾಳೆ. ಮೊದಲಿಗಿಂತ ಒಂದು ಗೆರೆ ಉಳೀತಾ ಇದೆ!" ರಿವರ್ಸ್ ತಾತ ಟೀ ಲೋಟವನ್ನು ನಿಧಾನವಾಗಿ ಕಲ್ಲಿನ ಮೇಲಿಟ್ಟ. "ಗಾಳಿ ಊದಿದ್ರೆ ಸಾಲ್ದು..." ಎಂದ ಅವನು, ಮೇಸ್ತ್ರಿಯ ಮುಖವನ್ನೇ ನೋಡುತ್ತ. ಉಳಿದದ್ದನ್ನು ಡ್ರೈವರುಗಳು ಪಾಠ ಒಪ್ಪಿಸುವವರ ಹಾಗೆ ಮುಗಿಸಿದರು, ಈ ಸಲ ಮೆಲ್ಲಗೆ. ತನ್ನ ಲಾರಿಯ ಬಾಯಾರಿಕೆಯನ್ನು ಹೆದ್ದಾರಿಯಾಚೆ ಬಚ್ಚಿಟ್ಟವನು ಭಾವನ ಲಾರಿಗೆ ಒಂದಿಷ್ಟು ಬಾಯಾರಿಕೆ ಕೊಡುವುದನ್ನೇ ಮರೆತಿದ್ದ. ಅಷ್ಟು ಸಾಲದೆ ನಾಜಲ್ ತೊಳೆದು ಇದ್ದದ್ದನ್ನೂ ಕಡಿಮೆ ಮಾಡಿದ್ದ. ಸಾಹುಕಾರ ಬೀಗದ ಕೈಯನ್ನು ಮತ್ತೆ ಜೇಬಿಗಿಳಿಸಿದ. ಅಕ್ಕ ಕ್ಯಾರಿಯರನ್ನು ನೆಲಕ್ಕಿಟ್ಟು, ಗಂಡನ ಕ್ಯಾಬಿನ್ನಿನಿಂದ ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ತೆಗೆದುಕೊಂಡು, ತಮ್ಮನ ಲಾರಿಯ ಬಾನೆಟ್ಟಿನ ಕಡೆಗೆ ನಡೆದಳು. ಅವಳೂ ಅದೇ ಅಪ್ಪನ ಮಗಳು. ಓಡಿಹೋಗೋಣವೆಂದರೆ ಮೇಸ್ತ್ರಿಯ ಕೊರಳಲ್ಲಿ ಹಗ್ಗವಿತ್ತು, ಅದರ ತುದಿ ಇನ್ನೂ ನಗುತ್ತಲೇ ನಿಂತಿದ್ದ ಭಾವನ ಕೈಯಲ್ಲಿತ್ತು.